ಮನೆಯ ಕಿಟಕಿಗಳು

ಮನೆ ಕಟ್ಟಿಸುವಾಗ ನಾವು ತಲೆಬಾಗಿಲಿನ ಕೆತ್ತನೆಗಾಗಿ ದಿನಗಟ್ಟಲೆ ಆಲೋಚಿಸುತ್ತೇವೆ. ಕಿಟಕಿಗಳ ವಿಚಾರವನ್ನು ಮಾತ್ರ ಮೇಸ್ತ್ರಿಗೆ ಬಿಟ್ಟುಬಿಡುತ್ತೇವೆ. ಇದರ ಫಲವಾಗಿ ಜಯನಗರ, ಬನಶಂಕರಿಗಳ ಎಷ್ಟೋ ಹೊಸ ಮನೆಗಳಲ್ಲಿ ಹಗಲಿನಲ್ಲಿಯೂ ದೀಪ ಉರಿಯಬೇಕಾಗಿದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದ್ದು ತಂಗಾಳಿಗೆ ಹೆಸರಾದ ಊರಿನಲ್ಲಿ ಇದು ನಾವೇ ಬರಮಾಡಿಕೊಂಡ ಕಷ್ಟವಲ್ಲವೇ?

ಮೊದಲು ದಿಕ್ಕನ್ನು ನೋಡತಕ್ಕದ್ದು. ಮರವೋ ಅಲ್ಯೂಮಿನಿಯಮ್ಮೋ ಎಂಬುದು ಆಮೇಲಿನ ಮಾತು. ಬೆಂಗಳೂರು ಭೂಮಧ್ಯರೇಖೆಗೆ 13 ಡಿಗ್ರಿ ಉತ್ತರದಲ್ಲಿರುವುದರಿಂದ ನಡುಹಗಲಿನ ಸೂರ್ಯನು ವರ್ಷದ ಬಹುಭಾಗ ದಕ್ಷಿಣಕ್ಕೂ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಉತ್ತರಕ್ಕೂ ವಾಲಿರುತ್ತಾನೆ. ಆಗ ಅವನು ಎತ್ತರದಲ್ಲಿರುವುದರಿಂದ ಎರಡಡಿಯ ಸಜ್ಜವು ಆ ಬಿಸಿಲನ್ನು ಬಹುಮಟ್ಟಿಗೆ ತಡೆಯುವುದು. ಪಡುವಣ ಬಿಸಿಲಿನ ರೀತಿಯೇ ಬೇರೆ. ಸಂಜೆಯ ಸೂರ್ಯನು ಕೆಳಗಿಳಿದು ಸಜ್ಜದ ಅಡಿಯಿಂದಲೇ ಒಳನುಗ್ಗುತ್ತಾನೆ. ಆ ಗೋಡೆಯಲ್ಲಿ ಕಿಟಕಿ ಕಿರಿದಾಗಿರಲಿ. ಹೊರಗೊಂದು ಮರವಿದ್ದರೆ ಇನ್ನೂ ಲೇಸು. ನಮ್ಮ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಮರದ ಪಟ್ಟಿಗಳ 'ಮಂಕಿ ಟಾಪ್' ಇಳಿಬಿಟ್ಟವರು ಈ ಮರ್ಮವನ್ನು ಬಲ್ಲವರು.

ಆದರೂ ಪಡುವಣ ಗೋಡೆಯನ್ನು ಪೂರ್ತಿಯಾಗಿ ಮುಚ್ಚಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬರುವುದು ಆ ಕಡೆಯಿಂದಲೇ. ಕೊಠಡಿಯ ಕಿಟಕಿ ಎಷ್ಟೇ ದೊಡ್ಡದಾಗಿರಲಿ, ಬಂದ ಗಾಳಿ ಹೊರಹೋಗಲು ಎದುರಿನಲ್ಲಿ ಇನ್ನೊಂದು ದಾರಿ ಇಲ್ಲದಿದ್ದರೆ ಅದು ವ್ಯರ್ಥ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ನೆರೆಮನೆಯ ಗೋಡೆ ಅಡ್ಡಬಂದರೆ, ಬಿಸಿಗಾಳಿ ಏರಿ ಹೋಗುವಂತೆ ಸೂರಿನ ಬಳಿ ಗವಾಕ್ಷಿಯನ್ನಾದರೂ ಇಡಬೇಕು.

ಇನ್ನು ಕದಗಳ ಮಾತು. ಎರಡು ಕದಗಳ ಜಾರುಕಿಟಕಿ ಸ್ಥಳವನ್ನು ಉಳಿಸುವುದು, ಆದರೆ ಅರ್ಧ ಮಾತ್ರ ತೆರೆಯುವುದು. ಕೀಲಿನ ಮೇಲೆ ತಿರುಗುವ ಕದ ಪೂರ್ತಿ ತೆರೆಯುವುದು. ಮಲಗುವ ಕೋಣೆಗೆ ಅದೇ ಮೇಲು. ಹಿತ್ತಿಲಿಗೋ ಕೈತೋಟಕ್ಕೋ ತೆರೆಯುವ ಗಾಜಿನ ಜಾರುಬಾಗಿಲನ್ನು ಮೂಡಣದಲ್ಲಿಡುವುದು ಹಿತ. ಹೊರಗಿನ ನೆಲವು ಒಳನೆಲಕ್ಕಿಂತ ತಗ್ಗಿರಬೇಕು. ಹಳಿಯಲ್ಲಿ ನಿಂತ ಮಳೆನೀರು ಹರಿಯಲು ರಂಧ್ರಗಳಿರಬೇಕು. ಮಕ್ಕಳು ಓಡಿಬಂದು ಡಿಕ್ಕಿ ಹೊಡೆಯಬಹುದಾದ್ದರಿಂದ ಗಾಜು ಟಫನ್ಡ್ ಆಗಿರತಕ್ಕದ್ದು. ಅವರ ಕಣ್ಣಿನ ಎತ್ತರಕ್ಕೆ ಒಂದು ಗುರುತೂ ಇರಲಿ.

ಕಳ್ಳರ ಭಯದಿಂದ ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್ ಬಿಗಿಸುವ ನಾವು ಬೆಂಕಿಯ ಭಯವನ್ನು ಮರೆಯುತ್ತೇವೆ. ಬಾಗಿಲ ಬಳಿ ಹೊಗೆ ತುಂಬಿದಾಗ ಆ ಗ್ರಿಲ್ಲೇ ಸೆರೆಯಾಗುವುದು. ಮಲಗುವ ಪ್ರತಿಯೊಂದು ಕೋಣೆಯಲ್ಲಿಯೂ ಒಂದು ಗ್ರಿಲ್ ಒಳಗಿನಿಂದ ತೆರೆಯುವಂತಿರಲಿ. ಅದರ ಬೀಗದ ಕೈ ಎಲ್ಲಿದೆಯೆಂಬುದು ಮನೆಯವರೆಲ್ಲರಿಗೂ ತಿಳಿದಿರಲಿ.

ಆದುದರಿಂದ ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ, ಸಂಜೆ ನಾಲ್ಕು ಗಂಟೆಗೆ ಒಮ್ಮೆ ನಿವೇಶನದಲ್ಲಿ ನಿಂತು ನೋಡೋಣ. ಬಿಸಿಲೆಲ್ಲಿ, ಗಾಳಿಯೆಲ್ಲಿ ಎಂಬುದನ್ನು ಆ ಬರಿಯ ನೆಲವೇ ಹೇಳಿಕೊಡುವುದು.