ಪುಟ ಹಳೆಯದೇ ಕಾಣುತ್ತಿದೆಯೇ? ಹಾರ್ಡ್ ರಿಫ್ರೆಶ್ ಮಾಡಿ

ಕಾರ್ಯಕ್ರಮದ ದಿನಾಂಕ ಬದಲಾಗಿ, ಜಾಲತಾಣದಲ್ಲಿ ಹೊಸ ಆಹ್ವಾನ ಪತ್ರಿಕೆ ಹಾಕಿದ ಮೇಲೂ ಕೆಲವರಿಗೆ ಹಳೆಯ ಪತ್ರಿಕೆಯೇ ಕಾಣುತ್ತದೆ. ಅದನ್ನೇ ನಂಬಿ ವಯಸ್ಸಾದವರನ್ನು ಕರೆದುಕೊಂಡು ದೂರದ ಊರಿಗೆ ಹೊರಟರೆ ಪ್ರಯಾಣವೇ ವ್ಯರ್ಥ. ಹೆಚ್ಚಿನ ಸಲ ಇದಕ್ಕೆ ಕಾರಣ ಬ್ರೌಸರ್‌ನ ಕ್ಯಾಶ್. (ಗಲ್ಲಾಪೆಟ್ಟಿಗೆಯ ಕ್ಯಾಶ್ ಬೇರೆ, ಇದು ಬೇರೆ!)

ಪ್ರತಿ ಗಿರಾಕಿಗೂ ಗೋದಾಮಿಗೆ ಓಡುವ ಬದಲು ಅಂಗಡಿಯಲ್ಲೇ ಸ್ವಲ್ಪ ಸರಕು ಇಟ್ಟುಕೊಳ್ಳುವುದಿಲ್ಲವೇ? ಬ್ರೌಸರ್ ಕೂಡ ಒಮ್ಮೆ ತಂದ ಚಿತ್ರ, ವಿನ್ಯಾಸದ ಫೈಲುಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಉಳಿಸಿಕೊಳ್ಳುತ್ತದೆ. ಪುಟ ಬೇಗ ತೆರೆಯುತ್ತದೆ, ಡೇಟಾ ಉಳಿಯುತ್ತದೆ. ತೊಂದರೆಯಾಗುವುದು ಹಳೆಯ ಚಿತ್ರದ ಹೆಸರಿನಲ್ಲೇ ಹೊಸ ಚಿತ್ರ ಹಾಕಿದಾಗ. ಬ್ರೌಸರ್ ತನ್ನಲ್ಲಿರುವ ಹಳೆಯದನ್ನೇ ತೋರಿಸಿಬಿಡುತ್ತದೆ.

ಎಫ್5 ಒತ್ತಿದರೆ ಸಾಲದೇ? ಎಲ್ಲ ಸಲವೂ ಸಾಲದು. ಪುಟ ಬೇಗ ತೆರೆಯಲೆಂದು ಕ್ರೋಮ್ 2017ರಲ್ಲಿ ರೀಲೋಡ್ ವಿಧಾನವನ್ನೇ ಬದಲಿಸಿತು. ಮುಖ್ಯ ಪುಟ ಬದಲಾಗಿದೆಯೇ ಎಂದು ಸರ್ವರನ್ನು ಕೇಳುತ್ತದೆ, ಚಿತ್ರಗಳನ್ನು ಮಾತ್ರ ಕ್ಯಾಶ್‌ನಿಂದ ತೆಗೆದುಕೊಳ್ಳಬಹುದು. ಹಾಗಾಗಿ ಪುಟದ ಬರಹದಲ್ಲಿ ಒಂದು ದಿನಾಂಕ, ಪತ್ರಿಕೆಯ ಚಿತ್ರದಲ್ಲಿ ಇನ್ನೊಂದು!

ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಆರ್ ಒತ್ತಿರಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದು ನಡೆಯುತ್ತದೆ. ಕಂಟ್ರೋಲ್ ಜೊತೆ ಎಫ್5 ಕೂಡ ಆಗುತ್ತದೆ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕು. ಮ್ಯಾಕ್‌ನ ಕ್ರೋಮ್‌ನಲ್ಲಿ ಕಮಾಂಡ್, ಶಿಫ್ಟ್, ಆರ್. ಸಫಾರಿಯಲ್ಲಿ ಶಿಫ್ಟ್ ಬದಲು ಆಪ್ಷನ್.

ಮೊಬೈಲಿನಲ್ಲಿ ಇಂಥ ಕೀಲಿಗಳಿಲ್ಲ. ಮೊದಲು ಅದೇ ವಿಳಾಸವನ್ನು ಹೊಸ ಇನ್‌ಕಾಗ್ನಿಟೋ ಟ್ಯಾಬ್‌ನಲ್ಲಿ ತೆರೆದು ನೋಡಿ, ಹಳೆಯ ಸಂಗ್ರಹ ಅಲ್ಲಿಗೆ ಬರುವುದಿಲ್ಲ. ಹೊಸ ಪತ್ರಿಕೆ ಕಂಡರೆ ಕೆಲಸ ಮುಗಿಯಿತು. ಸಾಮಾನ್ಯ ಟ್ಯಾಬ್‌ನಲ್ಲೂ ಸರಿಯಾಗಬೇಕೆಂದರೆ ಆಂಡ್ರಾಯ್ಡ್ ಕ್ರೋಮ್‌ನ ಮೂರು ಚುಕ್ಕೆಯ ಮೆನುವಿನಲ್ಲಿ ಬ್ರೌಸಿಂಗ್ ಡೇಟಾ ಅಳಿಸುವ ಆಯ್ಕೆಗೆ ಹೋಗಿ, ಕ್ಯಾಶ್ ಆದ ಚಿತ್ರ ಮತ್ತು ಫೈಲುಗಳಿಗೆ ಮಾತ್ರ ಟಿಕ್ ಇಡಿ. ಕುಕೀಸ್‌ನ ಟಿಕ್ ತೆಗೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಜಾಲತಾಣಗಳಿಂದ ಲಾಗ್‌ಔಟ್ ಆಗಿ, ಮನೆಯ ಹಿರಿಯರು ಮತ್ತೆ ಪಾಸ್‌ವರ್ಡ್ ಹುಡುಕುತ್ತಾ ಕೂರಬೇಕಾಗುತ್ತದೆ.

ಇಷ್ಟಾದರೂ ಹಳೆಯದೇ ಬಂದರೆ ಸರ್ವರ್ ಕಡೆಯ ಕ್ಯಾಶ್ ಇನ್ನೂ ಬದಲಾಗಿಲ್ಲದಿರಬಹುದು. ಅದನ್ನು ಜಾಲತಾಣ ನೋಡಿಕೊಳ್ಳುವವರೇ ಸರಿಪಡಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ಅಥವಾ ಸ್ಕ್ರೀನ್‌ಶಾಟ್ ಅಂತೂ ಯಾವ ಕೀಲಿ ಒತ್ತಿದರೂ ಹೊಸದಾಗುವುದಿಲ್ಲ. ಟಿಕೆಟ್ ಮಾಡಿಸುವ ಮೊದಲು ಮೂಲ ಪುಟವನ್ನೇ ತೆರೆದು ನೋಡುವುದು ಒಳ್ಳೆಯದು.