ಹೊಳೆಯುವ ಚಕ್ರದ ಒಳಗುಟ್ಟು

ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ತನ್ನ ಬೈಕಿನ ಕಪ್ಪು ಅಲಾಯ್ ಚಕ್ರಗಳೆಂದರೆ ಅವನಿಗೆ ಬೇಸರ. "ಅಪ್ಪಾ, ಕ್ರೋಮ್ ಮಾಡಿಸ್ಕೊಳ್ತೀನಿ" ಎಂದು ವಾರದಿಂದ ದುಂಬಾಲು ಬಿದ್ದಿದ್ದಾನೆ. ಅಪ್ಪನಿಗೆ ಬೇಡವೆನ್ನಲು ಬಾಯಿಲ್ಲ. ಒಂದು ಕಾಲಕ್ಕೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕು ಇಟ್ಟುಕೊಂಡು, ಅದರ ಟ್ಯಾಂಕಿನ ಕ್ರೋಮ್ ಉಜ್ಜುತ್ತಲೇ ಭಾನುವಾರಗಳನ್ನು ಕಳೆದವರು ಅವರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹೊಳಪಿನ ಮೋಹ ಮಾತ್ರ ಉಳಿದು ಮಗನಿಗೂ ಬಂದಿದೆ.

ಆದರೆ 'ಕ್ರೋಮ್ ಚಕ್ರ'ದಲ್ಲಿ ಕ್ರೋಮಿಯಂ ಇರುವುದು ಎಷ್ಟು ಗೊತ್ತೆ? ಉಕ್ಕಿನ ರಿಮ್ಮನ್ನು ಉಜ್ಜಿ ನುಣುಪು ಮಾಡಿ, ಆಮ್ಲದಲ್ಲಿ ಅದ್ದಿ ತೊಳೆದು, ನಿಕಲ್ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ತುಕ್ಕನ್ನು ತಡೆಯುವುದು ಮುಖ್ಯವಾಗಿ ಈ ನಿಕಲ್. ಮೇಲಿನ ಕ್ರೋಮಿಯಂ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನನ್ನೂ ಮುಟ್ಟುವುದಿಲ್ಲ. ತಲೆಗೂದಲಿನ ದಪ್ಪದ ನೂರನೇ ಒಂದು ಪಾಲು ಎನ್ನಿ. ನಿಕಲ್ ಮಾಸದಂತೆ, ಗೀರು ಬೀಳದಂತೆ ಕಾಯುವುದು ಅದರ ಕೆಲಸ. ಆ ತೆಳು ನೀಲಿ ಛಾಯೆಯೂ ಅದರದೇ. 1797ರಲ್ಲಿ ಫ್ರಾನ್ಸಿನ ವಾಕ್ಲೆ ಕಂಡುಹಿಡಿದ ಈ ಲೋಹದ ಅದಿರನ್ನು ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ತೆಗೆದಿದ್ದಾರೆ.

ಅಲಾಯ್ ಚಕ್ರದ ಕಥೆ ಬೇರೆ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿದ ಕೂಡಲೇ ತನ್ನ ಮೈಮೇಲೆ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ನೇರವಾಗಿ ಲೇಪ ಕೂರದು. ಮೊದಲು ಸತುವಿನ ಪೊರೆ ಹಿಡಿಸಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ಲೇಪ ಸಿಪ್ಪೆಯಂತೆ ಏಳುತ್ತದೆ. ಟೈರು ಕೂರುವ ಅಂಚಿನಲ್ಲೇ ಎದ್ದರೆ ಟ್ಯೂಬ್‌ಲೆಸ್ ಟೈರಿನ ಗಾಳಿ ಸೋರುತ್ತದೆ. ಅದರ ಬದಲು ಕ್ರೋಮ್ ಉಕ್ಕಿನ ಸ್ಪೋಕ್ ಚಕ್ರ ಹಾಕಿಸಬಹುದು. ಆಗ ಸಾಮಾನ್ಯವಾಗಿ ಒಳಗೆ ಟ್ಯೂಬು ಬರುತ್ತದೆ. ಪಂಕ್ಚರ್ ಆದರೆ ಗಾಳಿ ಬೇಗ ಇಳಿಯುತ್ತದೆ. ಹಬ್, ಬ್ರೇಕು ಆ ಮಾದರಿಗೇ ಹೊಂದಬೇಕು, ಬೆಂಡ್ ತೆಗೆಯಲು ಪಳಗಿದ ಕೈಯೂ ಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದ್ದು ಆಕ್ಸಲ್ಲು, ಗಡಸು ಬೋಲ್ಟುಗಳ ವಿಷಯದಲ್ಲಿ. ಕ್ರೋಮಿಯಂ ತೊಟ್ಟಿಯಲ್ಲಿ ವಿದ್ಯುತ್ತಿನ ಬಹುಪಾಲು ಜಲಜನಕ ಬಿಡಿಸುವುದಕ್ಕೇ ಖರ್ಚಾಗುತ್ತದೆ. ಆ ಜಲಜನಕ ಗಡಸು ಉಕ್ಕಿನೊಳಗೆ ಹೊಕ್ಕರೆ ಉಕ್ಕು ಪೆಡಸಾಗಿ, ಭಾರ ಬಿದ್ದಾಗ ಫಕ್ಕನೆ ಮುರಿಯಬಹುದು. ಲೇಪವಾದ ಕೂಡಲೇ ಒಲೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರಹಾಕುವ ಕ್ರಮವುಂಟು. ಸಣ್ಣ ಅಂಗಡಿಯಲ್ಲಿ ಒಲೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಅಂಥ ಭಾಗಗಳನ್ನು ಕೊಡಲೇಬೇಡಿ.

ಇನ್ನೊಂದು ಪ್ರಶ್ನೆಯನ್ನು ತಂದೆತಾಯಿಗಳೇ ಕೇಳಬೇಕು: "ತೊಟ್ಟಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ?" ಬಹಳ ಕಡೆ ಬಳಸುವ ಷಟ್‌ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದರ ಆವಿಯಲ್ಲಿ ದುಡಿಯುವವರ ಮೂಗಿನ ನಡುಗೋಡೆ ತೂತಾಗುವುದೂ ಉಂಟು. ಸೋಡಿಯಂ ಬೈಸಲ್ಫೈಟ್ ಹಾಕಿ ಅದನ್ನು ಕಡಿಮೆ ವಿಷದ ರೂಪಕ್ಕೆ ತಂದು, ಸುಣ್ಣ ಬೆರೆಸಿ ತಳಕ್ಕೆ ಇಳಿಸಿದ ಮೇಲೆಯೇ ನೀರು ಹೊರಹೋಗಬೇಕು. ತೀರಾ ಅಗ್ಗದ ದರ ಹೇಳುವವರು ಈ ಖರ್ಚನ್ನೇ ಉಳಿಸಿರಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ ಚಕ್ರದ ಮಾತು ಬಿಟ್ಟಿದ್ದಾನೆ. ಕಂಪನಿಯದೇ ಕ್ರೋಮ್ ಲೆಗ್ ಗಾರ್ಡ್‌ಗೆ ಅಪ್ಪ ಒಪ್ಪಿದ್ದಾರೆ. ಭಾನುವಾರ ಅದನ್ನು ಯಾರು ಉಜ್ಜಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ.