ಹಲವು ಮಾರ್ಗ, ಒಂದು ನಿಷ್ಠೆ
ಮಲಪ್ರಭೆಯ ಸೀಮೆಯಲ್ಲಿ ಹಲವು ಸಾಧನಮಾರ್ಗಗಳು ನೆರೆಹೊರೆಯಾಗಿ ಬಾಳಿವೆ. ಕಿತ್ತೂರಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಿದೆ. ರಾಮದುರ್ಗ ಭಾಗದ ಗೊಡಚಿಯಲ್ಲಿ ವೀರಭದ್ರನೂ ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನೂ ನೆಲೆಸಿದ್ದಾರೆ. ಬೈಲಹೊಂಗಲಕ್ಕೆ ಸಮೀಪದ ಮುರಗೋಡದಲ್ಲಿ ಚಿದಂಬರ ದೀಕ್ಷಿತರ ಪರಂಪರೆಯೂ ವೀರಶೈವ ಮಠವೂ ಒಂದೇ ಊರಿನವು. ಸವದತ್ತಿಯನ್ನಾಳಿದ ರಟ್ಟರು ಜಿನಾಲಯಗಳಿಗೆ ದಾನವಿತ್ತರು.

ಇವೆಲ್ಲವನ್ನು ಅರಸಿ ಸಂಚರಿಸುವ ಇಂದಿನ ಸಾಧಕನಿಗೆ ಎರಡು ಅಪಾಯಗಳುಂಟು: ಅನ್ಯವೆಂದು ತಿರಸ್ಕರಿಸುವುದು, ಇಲ್ಲವೆ ವಿಚಾರಿಸದೆ ಎಲ್ಲವನ್ನೂ ಒಪ್ಪುವುದು. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿಯನ್ನು 1982ರ ಕರ್ನಾಟಕದ ಕಾಯ್ದೆಯು ನಿಷೇಧಿಸಿತು. ಅದಕ್ಕೂ ಎಂಟು ಶತಮಾನಗಳ ಮೊದಲೇ ಶರಣರು ಆಚಾರವನ್ನು ದಯೆಯ ಒರೆಗಲ್ಲಿಗೆ ಹಚ್ಚಿದ್ದರು. ಇಷ್ಟಲಿಂಗದಲ್ಲಿ ನಿಷ್ಠೆಯುಳ್ಳವನು ಅನ್ಯರ ನಿರ್ಮಲ ಭಕ್ತಿಗೆ ತಲೆಬಾಗಬಲ್ಲನು. ಜೀವವನ್ನು ನೋಯಿಸುವ ಆಚಾರಕ್ಕೆ, ಅದು ತನ್ನ ಮನೆಯದೇ ಆಗಿರಲಿ, ಬಾಗಲಾರನು.